ಪೈಪ್ ಶೆಡ್ ನಿಂತ ಮಳೆಗಾಲ

ಹೋದ ತಿಂಗಳು ತುಮಕೂರಿಗೆ ಹೋಗುತ್ತಿದ್ದೆ. ದಾಬಸ್‌ಪೇಟೆ ಹತ್ತಿರ ಬಸ್ಸು ನಿಧಾನವಾದಾಗ ಕಿಟಕಿಯಿಂದ ಬೆಂದ ರಬ್ಬರಿನ ವಾಸನೆ ಒಳಗೆ ಬಂತು. ಪಕ್ಕದ ಸೀಟಿನ ಹೆಂಗಸು ಮೂಗಿಗೆ ಸೆರಗು ಹಿಡಿದು, "ಎಲ್ಲೋ ಟೈರ್ ಸುಡ್ತಾವ್ರೆ ಅನ್ಸುತ್ತೆ" ಅಂದರು. ಟೈರಲ್ಲ ಎಂದು ನನಗೆ ಗೊತ್ತಿತ್ತು. ನೇಯ್ದ ಬಟ್ಟೆಯ ಕೊಳವೆಯೊಳಗೆ ರಬ್ಬರ್ ಪದರ ಕೂರಿಸಿ ಹಬೆಯಲ್ಲಿ ಬೇಯಿಸುವಾಗ ಏಳುವ ವಾಸನೆ ಅದು. ಮೋಡ ಕವಿದ ದಿನ ಮೇಲಕ್ಕೆ ಹೋಗಲಾರದೆ ರಸ್ತೆಗೇ ಇಳಿದುಬಿಡುತ್ತದೆ. ಆ ಕಾರ್ಖಾನೆ ಬಿಟ್ಟು ನನಗೆ ವರ್ಷಗಳಾಗಿವೆ. ಆದರೂ ಕೈ ತಾನಾಗಿ ಕಿಟಕಿ ಮುಚ್ಚಲು ಹೋಯಿತು. ಒಂದು ಇಡೀ ಮಳೆಗಾಲ ನಾನು ಆ ವಾಸನೆಯ ನಡುವೆ ಹೆದರಿಕೊಂಡು ಬದುಕಿದ್ದೆ.

ನಮ್ಮ ಕಾರ್ಖಾನೆ ಕೈಗಾರಿಕಾ ಪ್ರದೇಶದ ಒಳರಸ್ತೆಯಲ್ಲಿತ್ತು. ಗೇಟಿನಲ್ಲಿ ನಿಂತರೆ ಶಿವಗಂಗೆ ಬೆಟ್ಟ ಕಾಣುತ್ತಿತ್ತು. ಒಂದು ಶೆಡ್ಡಿನಲ್ಲಿ ಬೆಂಕಿ ಆರಿಸುವವರು ಹಿಡಿಯುವ ಹೋಸ್, ಇನ್ನೊಂದರಲ್ಲಿ ರೈತರು ಹೊಲಕ್ಕೆ ಹಾಸುವ ಕಪ್ಪು ಪೈಪು. ಹಳೆಯ ಯಜಮಾನರು ಯಾರು ಏನು ಕೇಳಿದರೂ ಇಲ್ಲ ಎನ್ನದೆ ಬೆಳೆಸಿದ ಕಂಪನಿ. ಅವರು ಹಾಸಿಗೆ ಹಿಡಿದ ಮೇಲೆ ಮಗಳು ಅನುರಾಧಾ ಮೇಡಂ ಬಂದು ಆ ಕುರ್ಚಿಯಲ್ಲಿ ಕೂತಿದ್ದರು. ನಾನು ಪ್ಲಾನಿಂಗ್ ವಿಭಾಗದಲ್ಲಿದ್ದೆ. ಯಾವ ಶೆಡ್ಡಿನಲ್ಲಿ ಯಾವ ದಿನ ಏನು ತಯಾರಾಗಬೇಕು ಎಂದು ಹೊಂದಿಸುವುದು ನನ್ನ ಕೆಲಸ. ನನ್ನ ಗಂಡ ಮಂಜುನಾಥ ಪೈಪ್ ಶೆಡ್ಡಿನ ಮೇಲ್ವಿಚಾರಕರು. ದೊಡ್ಡಬಳ್ಳಾಪುರದಿಂದ ಕಂಪನಿ ಬಸ್ಸಿನಲ್ಲಿ ಇಬ್ಬರೂ ಒಟ್ಟಿಗೆ ಬರುತ್ತಿದ್ದೆವು. ಸಾಸಲಿನಲ್ಲಿ ನಮ್ಮಪ್ಪನ ತರಕಾರಿ ಮಡಿಗೂ ಅವರ ಶೆಡ್ಡಿನ ಪೈಪೇ ಹಾಸಿತ್ತು. "ಮಾವನ ಮನೆಗೆ ನೀರು ಕೊಟ್ಟೋನು ನಾನು" ಎಂದು ಅವರು ಆಗಾಗ ನಗಾಡುತ್ತಿದ್ದರು.

ಆಷಾಢದ ಗಾಳಿ ಶುರುವಾದಾಗ ಆ ವಿಡಿಯೊ ಬಂತು. ಹೆದ್ದಾರಿ ಪಕ್ಕದ ದೊಡ್ಡ ಗೋದಾಮೊಂದರಲ್ಲಿ ಬೆಂಕಿ ಆರಿಸುವ ಅಭ್ಯಾಸ ನಡೆಯುತ್ತಿದೆ. ಕಾವಲುಗಾರನೊಬ್ಬ ನಮ್ಮ ಹೋಸ್ ಹಿಡಿದು ನಿಂತಿದ್ದಾನೆ. ನೀರು ಬಿಟ್ಟ ಕೂಡಲೇ ಹೋಸ್ ಉಬ್ಬಿ, ಮಧ್ಯದಲ್ಲಿ ಸೀಳಿ, ಪೆಟ್ಟು ತಿಂದ ಹಾವಿನ ಹಾಗೆ ಎದ್ದು ಅವನ ಹೆಗಲಿಗೆ ಬಡಿಯಿತು. ಅವನು ಬಿದ್ದ. ಆಮೇಲೆ ಬರೀ ಕೂಗಾಟ. ಹೆಗಲ ಮೂಳೆ ಮುರಿದಿತ್ತಂತೆ. ಅಂದು ನಿಜವಾದ ಬೆಂಕಿ ಇರಲಿಲ್ಲ ಅನ್ನುವುದೊಂದೇ ಸಮಾಧಾನ.

ಮೇಡಂ ಹೋಸ್ ಕೆಲಸಕ್ಕೆ ಸೇರಿದ ಎಲ್ಲ ವಿಭಾಗದ ಮುಖ್ಯಸ್ಥರನ್ನೂ ಕರೆದು, ಬಾಗಿಲು ಹಾಕಿಸಿ, ಅದನ್ನು ತೋರಿಸಿದರು. ಮುಗಿದ ಮೇಲೆ, "ಇದು ಹೇಗಾಯ್ತು ಅಂತ ಒಬ್ಬೊಬ್ಬರಾಗಿ ಹೇಳಿ" ಎಂದರು.

ಮಾರಾಟ ವಿಭಾಗದ ಕಿರಣ್, "ಗೋದಾಮಿನೋರು ಸೋಮವಾರಕ್ಕೇ ಬೇಕು ಅಂದ್ರು ಮೇಡಂ. ಕೊಡ್ತೀವಿ ಅಂದೆ. ಆರ್ಡರ್ ತರೋದು ತಾನೆ ನನ್ನ ಕೆಲ್ಸ" ಎಂದರು. ನೇಯ್ಗೆಯ ವೆಂಕಟೇಶಪ್ಪ ದೊಡ್ಡಬಳ್ಳಾಪುರದಲ್ಲಿ ಸ್ವಂತ ಪವರ್‌ಲೂಮ್ ಇಟ್ಟಿದ್ದವರು. ಮಗ್ಗ ಗುಜರಿಗೆ ಹೋದ ಮೇಲೆ ನಮ್ಮಲ್ಲಿಗೆ ಬಂದಿದ್ದರು. "ದಿನಕ್ಕೆ ಎಷ್ಟು ಮೀಟರ್ ನೇಯ್ದ್ರಿ ಅಂತ ನಮ್ಮನ್ನ ಅಳೀತೀರ. ಮೀಟರ್ ಜಾಸ್ತಿ ಆಗ್ಲಿ ಅಂತ ನೇಯ್ಗೆ ಒಸಿ ಸಡ್ಲ ಬಿಟ್ವಿ. ಅರ್ಜೆಂಟ್ ಇದ್ದಾಗೆಲ್ಲ ಹಂಗೇ ಮಾಡ್ತಿದ್ದಿದ್ದು" ಎಂದರು. ಸ್ಟೋರ್ಸಿನವರು, ಹೋಸಿಗೆಂದು ನಿಗದಿಯಾದ ನೂಲು ದಾಸ್ತಾನಿನಲ್ಲಿ ಸಿಗದೆ, ಬೇರೆ ನೂಲು ಕೊಟ್ಟಿದ್ದರು. ಸರಕು ತುಂಬಿಡಬೇಡಿ ಎಂದು ಅವರಿಗೆ ಮೇಲಿನಿಂದಲೇ ಆಜ್ಞೆ ಇತ್ತು. ಗುಣಮಟ್ಟ ನೋಡುವ ನಾಗವೇಣಿ ತಲೆ ಎತ್ತದೆ, "ಮೊದಲ್ನೇ ರೋಲ್ ಪಾಸಾಯ್ತು. ಲಾರಿ ಕಾಯ್ತಿತ್ತು. ಮಿಕ್ಕಿದ್ದು ನೋಡೋಕೆ ಯಾರೂ ಬಿಡ್ಲಿಲ್ಲ" ಎಂದಳು.

ಯಾರೂ ಸುಳ್ಳು ಹೇಳಲಿಲ್ಲ. ನನಗೆ ಭಯವಾದದ್ದು ಅದಕ್ಕೇ. ತಮ್ಮ ತಮ್ಮ ಕೆಲಸ ಎಲ್ಲರೂ ಮಾಡಿದ್ದರು, ಎಲ್ಲರೂ ಸೇರಿ ಒಬ್ಬ ಮನುಷ್ಯನ ಹೆಗಲು ಮುರಿದಿದ್ದರು. ಹೊಂದಿಸುವ ಕುರ್ಚಿಯಲ್ಲಿ ಕೂತಿದ್ದವಳು ನಾನು.

ಉಳಿದವರು ಎದ್ದ ಮೇಲೆ ಮೇಡಂ ನನ್ನನ್ನು ಕೂರಿಸಿಕೊಂಡರು. ಅವರ ಕೈಯಲ್ಲಿದ್ದ ಪೆನ್ನು ಮೇಜಿಗೆ ಟಕಟಕ ಬಡಿಯುತ್ತಿತ್ತು. "ಸುಧಾ, ನಾವು ಎಲ್ಲಾನೂ ಮಾಡೋಕೆ ಹೋಗಿ ಯಾವುದನ್ನೂ ಸರಿಯಾಗಿ ಮಾಡ್ತಿಲ್ಲ. ಇನ್ಮೇಲೆ ಫೈರ್ ಹೋಸ್ ಒಂದೇ. ಅದೇ ನಮ್ಮ ಸ್ಟ್ರಾಟಜಿ. ಪ್ರತಿ ವಿಭಾಗಕ್ಕೂ ಹೋಗಿ, ಕೂತು ಮಾತಾಡಿ, ಎಲ್ಲರ ಕೆಲಸಾನೂ ಅದಕ್ಕೆ ತಕ್ಕ ಹಾಗೆ ಹೊಂದಿಸ್ಬೇಕು. ನಿಮಗಿಂತ ಚೆನ್ನಾಗಿ ಎಲ್ಲ ಶೆಡ್ಡೂ ಗೊತ್ತಿರೋರು ಇಲ್ಲಿಲ್ಲ."

"ಪೈಪ್ ಶೆಡ್ಡು?" ಎಂದೆ.

ಅವರು ಕಿಟಕಿ ಕಡೆ ನೋಡಿದರು. "ದಸರಾ ಆದ್ಮೇಲೆ ನಿಲ್ಲಿಸ್ತೀನಿ. ಯಾರನ್ನ ಎಲ್ಲಿಗೆ ಹಾಕೋದು ಅಂತ ಇನ್ನೂ ತೀರ್ಮಾನ ಆಗಿಲ್ಲ. ಅಲ್ಲೀವರ್ಗೂ ಯಾರಿಗೂ ಹೇಳ್ಬೇಡಿ. ಮನೇಲೂ."

ಆ ಸಂಜೆ ಬಸ್ಸಿನಲ್ಲಿ ಮಂಜುನಾಥ ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡಿದರು. ದಾರಿಯ ಎರಡೂ ಬದಿ ನೀಲಗಿರಿ ಮರಗಳು ಗಾಳಿಗೆ ಬಾಗಿ ಏಳುತ್ತಿದ್ದವು. ಕಂಟೇನರ್ ಲಾರಿಗಳು ಕೆಸರು ಹಾರಿಸಿಕೊಂಡು ಹೋಗುತ್ತಿದ್ದವು. ನಾನು ಅಲುಗಾಡದೆ ಕೂತಿದ್ದೆ. ಎಚ್ಚರವಾದರೆ ನನ್ನ ಮುಖ ನೋಡುತ್ತಾರಲ್ಲ ಎಂಬ ಹೆದರಿಕೆ.

ಇದೇ ನಮ್ಮ ಹೊಸ ಸ್ಟ್ರಾಟಜಿ ಎಂದು ಮೇಡಂ ಊಟದ ಕೋಣೆಯ ಗೋಡೆಗೆ ಒಂದು ಸಾಲು ಬರೆಸಿದರು: ಬೆಂಕಿಯ ಮುಂದೆ ನಿಂತವನಿಗೆ ನೀರು ತಪ್ಪಬಾರದು. ಬಣ್ಣ ಆರುವ ಮೊದಲೇ ಅದಕ್ಕೆ ನೂರು ಅರ್ಥ ಹುಟ್ಟಿಕೊಂಡವು. ಕಿರಣ್ ಅದನ್ನು ಸರಕು ಇನ್ನೂ ಬೇಗ ಮುಟ್ಟಬೇಕು ಎಂದು ಓದಿಕೊಂಡರು. ಸ್ಟೋರ್ಸಿನವರು ಗೋದಾಮು ತುಂಬಾ ಹೋಸ್ ಇಟ್ಟಿರಬೇಕು ಎಂದುಕೊಂಡರು. ವೆಂಕಟೇಶಪ್ಪನವರು ತಟ್ಟೆ ಹಿಡಿದು ಅದರ ಮುಂದೆ ಸುಮ್ಮನೆ ನಿಂತಿದ್ದರು.

"ಓದಕ್ಕೆ ಚಂದಾಗೈತೆ ಸುಧಮ್ಮ. ಇದ್ರಾಗೆ ನಾವೆಲ್ಲಿದೀವಿ?" ಎಂದು ಕೇಳಿದರು. "ನಾನು ಮಗ್ಗ ಮಾರೋಕೆ ಮುಂಚೆ ಯಾರೋ ಬಂದು ಹಿಂಗೇ ದೊಡ್ಡ ದೊಡ್ಡ ಮಾತಾಡಿ ಹೋಗಿದ್ರು. ಸ್ಟ್ರಾಟಜಿ ಅಂದ್ರೆ ಯಾರನ್ನೋ ಮನೆಗೆ ಕಳಿಸ್ತಾರೆ ಅಂತಾನೆ ಅಲ್ವಾ?"

ನಾನು ಲೋಟ ಎತ್ತಿ ನೀರು ಕುಡಿದೆ.

ಸ್ಟ್ರಾಟಜಿ ಅನ್ನುವ ಪದ ಕಾರ್ಖಾನೆಯಲ್ಲಿ ಕಾಯಿಲೆಯ ಹೆಸರಿನ ಹಾಗೆ ಓಡಾಡತೊಡಗಿತು. ನಾನು ಶೆಡ್ಡಿನ ಬಾಗಿಲಿಗೆ ಬಂದರೆ ಮಾತು ನಿಲ್ಲುತ್ತಿತ್ತು. ಎಲ್ಲಿ ತೊಂದರೆ ಇದೆ ಎಂದು ಕೇಳಿದರೆ, "ನಮ್ಮಲ್ಲೇನೂ ಇಲ್ಲ ಸುಧಮ್ಮ, ಎಲ್ಲಾ ಸರಿಯಾಗೈತೆ" ಎನ್ನುತ್ತಿದ್ದರು. ತಪ್ಪು ಒಪ್ಪಿಕೊಂಡವರ ತಲೆ ಮೊದಲು ಹೋಗುತ್ತದೆ ಎಂದು ಎಲ್ಲರೂ ತೀರ್ಮಾನಿಸಿದ್ದರು. ಬೇಯಿಸುವ ಕಡೆಯ ಒಂದು ಉಷ್ಣತಾಮಾಪಕ ಕೆಟ್ಟು ಎಷ್ಟು ದಿನವಾಗಿತ್ತೋ, ಯಾರೂ ಹೇಳಿರಲಿಲ್ಲ. ನಾಗವೇಣಿ ಅದನ್ನು ಕಂಡು ನನ್ನ ಬಳಿ ಬಂದು ಪಿಸುಗುಟ್ಟಿದಳು. "ನಾನು ಹೇಳ್ದೆ ಅನ್ಬೇಡಿ. ಅಲ್ಲಿ ಬೇಯ್ಸೋರ ಮನೇಲಿ ಇಬ್ರು ಮಕ್ಳಿದಾರೆ."

ಆಗ ನನಗೆ ಅರ್ಥವಾಯಿತು. ಹೀಗೇ ಇದ್ದರೆ ಇನ್ನೊಂದು ಹೋಸ್ ಸೀಳುತ್ತದೆ. ಮುಂದಿನ ಸಲ ಅದು ಅಭ್ಯಾಸವೇ ಆಗಿರುತ್ತದೆಂದು ಯಾರು ಹೇಳಬೇಕು? ಕಣ್ಣು ಮುಚ್ಚಿದರೆ ಆ ಕಾವಲುಗಾರ ಬೀಳುತ್ತಿದ್ದ. ಕೆಲವೊಮ್ಮೆ ಅವನ ಮುಖದ ಜಾಗದಲ್ಲಿ ನನ್ನ ಗಂಡನ ಮುಖ ಇರುತ್ತಿತ್ತು.

ಮನೆಯಲ್ಲಿ ಮಂಜುನಾಥ ಒಬ್ಬರೇ ನಿಶ್ಚಿಂತೆಯಿಂದಿದ್ದರು. ಒಂದು ಸಂಜೆ ನಾನು ರೊಟ್ಟಿ ತಟ್ಟುತ್ತಿದ್ದೆ. ಎದುರು ಮನೆಯಲ್ಲಿ ಮಗ್ಗದ ಸದ್ದು. ಅವರು ಅಡುಗೆಮನೆ ಬಾಗಿಲಿಗೆ ಒರಗಿ, "ಎಲ್ಲಾ ಯಾಕಿಂಗ್ ನಡುಗ್ತಾವ್ರೋ ಗೊತ್ತಿಲ್ಲ. ಹೋಸ್ನೋರು ಮಾಡಿದ್ದು ಹೋಸ್ನೋರು ಅನುಭವಿಸ್ತಾರೆ. ನಮ್ಮ ಶೆಡ್ಡಿಗೆ ಯಾರು ಕೈ ಹಾಕ್ತಾರೆ? ರೈತ್ರಿಗೆ ಪೈಪ್ ಬೇಡ್ವಾ?" ಎಂದರು. ಆಮೇಲೆ ದನಿ ತಗ್ಗಿಸಿ, "ದಸರಾ ಆದ್ಮೇಲೆ ಇನ್ನೊಂದು ಮಿಷನ್ ಕೇಳೋಣ ಅಂತಿದೀನಿ ಕಣೇ. ಪ್ಲಾನಿಂಗಲ್ಲಿ ನೀನೂ ಒಂದ್ ಮಾತು ಹಾಕು" ಎಂದರು.

ರೊಟ್ಟಿ ಹೆಂಚಿಗೆ ಅಂಟಿ ಸೀದುಹೋಯಿತು. ಹೊಗೆಯ ನೆಪದಲ್ಲಿ ಕಣ್ಣು ಒರೆಸಿಕೊಂಡೆ.

ಮರುದಿನ ನಾನು ನೇರ ಮೇಡಂ ಕೋಣೆಗೆ ಹೋದೆ. ಅವರು ಹೇಳುವ ಮೊದಲೇ ಕುರ್ಚಿ ಎಳೆದು ಕೂತೆ. "ಮೇಡಂ, ಹೀಗಾದ್ರೆ ಯಾರನ್ನೂ ಹೊಂದಿಸೋಕಾಗಲ್ಲ. ಎಲ್ಲರೂ ಭಯದಲ್ಲಿ ಬಾಯಿ ಮುಚ್ಕೊಂಡಿದಾರೆ. ಏನು ನಿಲ್ಲುತ್ತೆ, ಯಾರಿಗೆ ಏನಾಗುತ್ತೆ ಅಂತ ನೀವೇ ಹೇಳ್ಬಿಡಿ. ಹೇಳ್ದಿದ್ರೆ ಇವತ್ತು ಸಂಜೆ ನನ್ನ ಗಂಡನಿಗೆ ನಾನು ಹೇಳ್ತೀನಿ. ಆಮೇಲೆ ನನ್ನನ್ನ ಕೆಲ್ಸದಿಂದ ತೆಗೆದ್ರೂ ಸರಿ."

ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಪೆನ್ನು ಕೆಳಗಿಟ್ಟರು. "ನನಗೆ ಭಯ ಆಗಲ್ಲ ಅಂದ್ಕೊಂಡಿದೀರಾ? ಇವತ್ತು ಹೇಳಿದ್ರೆ ನಾಳೆ ಬೆಳಿಗ್ಗೆ ಒಳ್ಳೆ ಕೈಗಳೆಲ್ಲ ಪಕ್ಕದ ಫ್ಯಾಕ್ಟರಿಗೆ ಹೋಗ್ತವೆ. ಅಪ್ಪ ಕಟ್ಟಿದ್ದು ನನ್ನ ಕೈಯಲ್ಲಿ ಮುಚ್ಚಿಹೋಗುತ್ತೆ" ಎಂದರು. ಅದನ್ನು ಬಾಯಿಬಿಟ್ಟು ಹೇಳಿದ ಮೇಲೆ ಅವರ ಮುಖ ತುಸು ಸಡಿಲವಾಯಿತು. ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲರನ್ನೂ ಸೇರಿಸಲು ಹೇಳಿದರು.

ಹೊರಗೆ ಮಳೆ ಸುರಿಯುತ್ತಿತ್ತು. ತಗಡಿನ ಸೂರಿನ ಸದ್ದಿಗೆ ಮಾತು ಕೇಳುತ್ತಿರಲಿಲ್ಲ. ಮೇಡಂ ಬೆಂಚಿನ ಮೇಲೆ ಹತ್ತಿ ನಿಂತು ಮಾತಾಡಿದರು. ಪೈಪ್ ಶೆಡ್ ದಸರಾಕ್ಕೆ ಮೊದಲೇ ನಿಲ್ಲುತ್ತದೆ. ಇರಲು ಬಯಸುವವರಿಗೆ ಹೋಸ್ ಕಡೆ ಕೆಲಸ ಕಲಿಸುತ್ತೇವೆ. ಎಲ್ಲರಿಗೂ ಜಾಗ ಸಿಗುತ್ತದೆ ಎಂದು ಮಾತು ಕೊಡಲಾರೆ. ಇನ್ನು ಮುಂದೆ ಯಾರನ್ನೂ ಮೀಟರಿನಿಂದಲೋ ಆರ್ಡರಿನಿಂದಲೋ ಅಳೆಯುವುದಿಲ್ಲ. ಅಂಗಳದ ಒತ್ತಡ ಪರೀಕ್ಷೆಯಲ್ಲಿ ಹೋಸ್ ಗೆದ್ದರೆ ಎಲ್ಲರೂ ಗೆದ್ದ ಹಾಗೆ, ಸೋತರೆ ಎಲ್ಲರೂ ಸೋತ ಹಾಗೆ. ಅಲ್ಲಿ ಒಂದು ಗಂಟೆ ಕಟ್ಟಿಸುತ್ತೇನೆ. ತಪ್ಪು ಕಂಡವರು ಯಾರೇ ಆಗಲಿ ಬಾರಿಸಬಹುದು. ಬಾರಿಸಿದವರನ್ನು ಯಾರೂ ಏನೂ ಅನ್ನುವಂತಿಲ್ಲ.

ಪೈಪ್ ಶೆಡ್ಡಿನವರು ಒಂದು ಮೂಲೆಯಲ್ಲಿ ಗುಂಪಾಗಿ ನಿಂತಿದ್ದರು. ಮಂಜುನಾಥ ಮಾತ್ರ ಮೇಡಂ ಅವರನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು.

ಬಸ್ಸಿನಲ್ಲಿ ಕೇಳಿದರು. "ನಿಂಗೆ ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತು ರೀ."

"ಮಿಷನ್ ಕೇಳೋಣ ಅಂದಾಗ್ಲೂ?"

ತಲೆ ಆಡಿಸಿದೆ. ಅವರು ಎದ್ದು ಹಿಂದಿನ ಸೀಟಿಗೆ ಹೋಗಿ ಕೂತರು. ಆಮೇಲೆ ನಮ್ಮ ಮನೆಯಲ್ಲಿ ಬೇಕಾದಷ್ಟೇ ಮಾತು: ಊಟ ಆಯ್ತಾ, ಕೊಡೆ ತಗೊ, ಬಸ್ ಬಂತು. ಜಗಳವಾಡಿದ್ದರೆ ಚೆನ್ನಾಗಿತ್ತು. ಕೆಲಸ ಹೋಗುವುದಕ್ಕಿಂತಲೂ, ಅವರು ನನ್ನನ್ನು ಇನ್ನೆಂದೂ ನಂಬುವುದಿಲ್ಲವೇನೋ ಎಂದು ನಾನು ಹೆಚ್ಚು ಹೆದರುತ್ತಿದ್ದೆ.

ಪೈಪ್ ಶೆಡ್ಡಿನಿಂದ ಕೆಲವರು ಆ ವಾರವೇ ಹೊರಟುಹೋದರು. ಉಳಿದವರು ಹೋಸ್ ಕಡೆ ಬಂದು ಎಳೆಯ ಮಕ್ಕಳ ಹಾಗೆ ಮೊದಲಿನಿಂದ ಕಲಿಯತೊಡಗಿದರು. ವಿಚಿತ್ರವೆಂದರೆ ಮಾತು ಹೊರಬರತೊಡಗಿತು. ಬೇಯಿಸುವ ಕಡೆಯವನು ತಾನೇ ಬಂದು ಉಷ್ಣತಾಮಾಪಕದ ವಿಷಯ ಹೇಳಿದ. ವೆಂಕಟೇಶಪ್ಪ ನೇಯ್ಗೆ ಬಿಗಿ ಮಾಡಿ, "ಇಷ್ಟು ನಿಧಾನ ಆಗುತ್ತೆ, ಇದ್ಕಿಂತ ಜೋರಾಗಿ ಓಡ್ಸಲ್ಲ" ಎಂದು ಕಿರಣ್ ಎದುರಿಗೇ ಹೇಳಿದರು. ಮೊದಲ ಸಲ ಕಿರಣ್ ನೇಯ್ಗೆ ಶೆಡ್ಡಿನೊಳಗೆ ಒಂದು ದಿನ ನಿಂತು ನೋಡಿದರು. ಆದರೂ ಹೆದರಿಕೆ ಹೋಗಿರಲಿಲ್ಲ. ಈಗ ಎಲ್ಲರೂ ಒಂದೇ ವಿಷಯಕ್ಕೆ ಹೆದರುತ್ತಿದ್ದರು. ಆ ಗೋದಾಮಿನವರೇ ಇನ್ನೊಂದು ಅವಕಾಶ ಕೊಟ್ಟಿದ್ದರು. ದೀಪಾವಳಿಗೆ ಸರಕು ತುಂಬುವ ಮುಂಚೆ ಎಲ್ಲ ಗೋದಾಮುಗಳಿಗೂ ಹೊಸ ಹೋಸ್ ಬೇಕು. ಈ ಸಲ ಸೋತರೆ ನಮ್ಮ ಹೆಸರು ಆ ಹೆದ್ದಾರಿಯಲ್ಲಿ ಯಾರೂ ಎತ್ತುವುದಿಲ್ಲ.

ಆಯುಧಪೂಜೆ ಬಂತು. ಎಲ್ಲ ಯಂತ್ರಗಳಿಗೂ ಕುಂಕುಮ, ಬಾಳೆಕಂದು, ಬೂದುಗುಂಬಳ. ಪೈಪ್ ಶೆಡ್ಡಿನಲ್ಲಿ ಯಂತ್ರ ಆಗಲೇ ತಣ್ಣಗಾಗಿತ್ತು. ಕೊಂಡವರು ಹಬ್ಬ ಮುಗಿದ ಮೇಲೆ ಒಯ್ಯುವವರಿದ್ದರು. ಮಂಜುನಾಥ ಅದನ್ನು ಉಳಿದೆಲ್ಲ ವರ್ಷಗಳಿಗಿಂತ ಚೆನ್ನಾಗಿ ಒರೆಸಿ, ಸೇವಂತಿಗೆ ಹಾರ ಹಾಕಿ, ಕರ್ಪೂರ ಹಚ್ಚಿದರು. ನಾನು ಬಾಗಿಲಲ್ಲೇ ನಿಂತೆ. ಒಳಗೆ ಕರೆಯಲಿಲ್ಲ. ಮಂಗಳಾರತಿ ತಟ್ಟೆ ಮಾತ್ರ ತಂದು ನನ್ನ ಮುಂದೆ ಹಿಡಿದರು.

ಹಬ್ಬದ ಮರುದಿನದಿಂದ ಅವರನ್ನು ಪರೀಕ್ಷೆಯ ಅಂಗಳಕ್ಕೆ, ನಾಗವೇಣಿಯ ಜೊತೆಗೆ ಹಾಕಿದರು. ಪಂಪಿಗೆ ಹೋಸ್ ಜೋಡಿಸಿ, ನೀರು ತುಂಬಿ, ಒತ್ತಡ ಏರಿಸಿ ನೋಡುವ ಕೆಲಸ. ಪಂಪು ಗುಯ್ಗುಡುತ್ತಾ ಏರಿದ ಹಾಗೆ ಹೋಸ್ ನೆಲದ ಮೇಲೆ ಮಿಸುಕಾಡುತ್ತಿತ್ತು. ಆಫೀಸಿನ ಕಿಟಕಿಯಿಂದ ಅದು ಕಾಣುತ್ತಿತ್ತು. ಪಂಪಿನ ಸದ್ದು ಏರಿದಾಗೆಲ್ಲ ನನ್ನ ಕೈ ನಿಂತುಬಿಡುತ್ತಿತ್ತು.

ಸರಕು ಹೊರಡಬೇಕಾದ ದಿನ ಅಂಗಳದ ಗಂಟೆ ಮೊಳಗಿತು.

ಎಲ್ಲರೂ ಓಡಿದೆವು. ಲಾರಿ ಹಿಂದುಗಡೆ ತೆರೆದು ನಿಂತಿತ್ತು, ಅರ್ಧ ತುಂಬಿತ್ತು. ಮಂಜುನಾಥ ಗಂಟೆಯ ಹಗ್ಗವನ್ನು ಇನ್ನೂ ಹಿಡಿದಿದ್ದರು. "ತುದಿಲಿ ಲೋಹದ ಹಿಡಿ ಕೂರ್ಸಿರೋ ಜಾಗದಲ್ಲಿ ನೀರು ಜಿನುಗ್ತೈತೆ. ಒಂದ್ರಲ್ಲಿ ಅಲ್ಲ, ಮೂರ್ನಾಲ್ಕರಲ್ಲಿ. ಒತ್ತಡ ಜಾಸ್ತಿ ಆದ್ರೆ ಹಿಡಿ ಕಿತ್ಕೊಂಡು ಹಾರುತ್ತೆ" ಎಂದರು. ಗುಂಪಿನಿಂದ ಯಾರೋ, "ಪೈಪ್ನೋರು ಬಂದ್ರು, ಕಲ್ಲು ಹಾಕಿದ್ರು" ಎಂದು ಗೊಣಗಿದರು. ಅವರಿಗೆ ಕೇಳಿಸಿತು. ಹಗ್ಗ ಬಿಡಲಿಲ್ಲ.

ನಾಗವೇಣಿ ಬಗ್ಗಿ ನೋಡಿ, "ನಿಜ. ಲಾರಿ ಇಳಿಸ್ಬೇಕು" ಎಂದಳು. ಈಗ ಎಲ್ಲರ ಕಣ್ಣೂ ಕಿರಣ್ ಮೇಲೆ. ಇಂದೇ ತಲುಪಿಸುತ್ತೇವೆ ಎಂದು ಗೋದಾಮಿನವರಿಗೆ ಮಾತು ಕೊಟ್ಟಿದ್ದವರು ಅವರು. ಅವರು ಒಂದು ಕ್ಷಣ ಲಾರಿಯನ್ನು, ಒಂದು ಕ್ಷಣ ಆ ಒದ್ದೆ ತುದಿಯನ್ನು ನೋಡಿ, ಫೋನ್ ತೆಗೆದು ಅಲ್ಲೇ ನಮ್ಮೆಲ್ಲರ ಮುಂದೆಯೇ ಮಾತಾಡಿದರು. "ಸರ್, ಇವತ್ತು ಕಳ್ಸಕ್ಕಾಗಲ್ಲ. ನಮ್ಮ ಟೆಸ್ಟಿಂಗಲ್ಲಿ ತೊಂದ್ರೆ ಸಿಕ್ಕಿದೆ. ಸರಿ ಮಾಡಿ ನಾವೇ ತರ್ತೀವಿ... ಇಲ್ಲ ಸರ್, ಅರ್ಧಾನೂ ಕಳ್ಸಲ್ಲ." ಅದಕ್ಕೆ ಆ ಕಡೆಯವರು ಫೋನ್ ಇಟ್ಟುಬಿಟ್ಟರಂತೆ.

ಮಾರನೆಯ ದಿನವೂ ಅವರಿಂದ ಸುದ್ದಿ ಬರಲಿಲ್ಲ. ಕೆಲಸ ಮಾತ್ರ ನಡೆಯಿತು. ನೇಯ್ಗೆಯವರು, ಸ್ಟೋರ್ಸಿನವರು, ಕಿರಣ್ ಕೂಡ ಕೂತು ಹಿಡಿಗಳಿಗೆ ತಂತಿ ಬಿಗಿದು ಕಟ್ಟಿದರು. ಯಾರೂ ಮುಂದಿನ ತಿಂಗಳ ಮಾತಾಡುತ್ತಿರಲಿಲ್ಲ. ವೆಂಕಟೇಶಪ್ಪ ಒಮ್ಮೆ, "ಮಗ್ಗ ಮಾರೋ ಹಿಂದಿನ್ ದಿನಾನೂ ಹಿಂಗೇ ಇತ್ತು ನಂಗೆ" ಎಂದರು, ಅಷ್ಟೇ. ಕೊನೆಗೆ ಮೇಡಂ ಅಂಗಳಕ್ಕೆ ಬಂದು, ಗೋದಾಮಿನವರು ಇಲ್ಲಿಗೇ ಬಂದು ಕಣ್ಣೆದುರಿಗೆ ಪರೀಕ್ಷೆ ನೋಡುತ್ತಾರಂತೆ, ತಾವು ಆರಿಸಿದ ಹೋಸನ್ನು ಮನುಷ್ಯ ಕೈಯಲ್ಲಿ ಹಿಡಿದು ತೋರಿಸಬೇಕಂತೆ ಎಂದರು.

"ಯಾರು ಹಿಡೀತೀರಿ?" ಎಂದು ಕೇಳಿದರು.

"ನಾನು ಬೆಲ್ ಹೊಡ್ದಿದ್ದು. ನಾನೇ ಹಿಡೀತೀನಿ" ಎಂದರು ಮಂಜುನಾಥ.

ನನಗೆ ಬೇಡ ಎನ್ನಬೇಕು ಅನ್ನಿಸಿತು.

ಪರೀಕ್ಷೆಯ ದಿನ ಹಿಂಗಾರಿನ ಮಳೆ ಸಣ್ಣಗೆ ಹನಿಯುತ್ತಿತ್ತು. ಬೆಟ್ಟ ಮೋಡದಲ್ಲಿ ಮುಳುಗಿ ಕಾಣುತ್ತಿರಲಿಲ್ಲ. ಗೋದಾಮಿನ ಅಧಿಕಾರಿ ರಾಶಿಯ ತಳದಿಂದ ಒಂದು ಹೋಸ್ ಎಳೆಸಿದರು. ಅದರ ಉದ್ದಕ್ಕೂ ನಮ್ಮವರು ನಿಂತರು. ಯಾರೂ ನಿಲ್ಲಿ ಎಂದಿರಲಿಲ್ಲ. ಪಂಪಿನ ಬಳಿ ನಾಗವೇಣಿ, ಮಧ್ಯದಲ್ಲಿ ವೆಂಕಟೇಶಪ್ಪ, ಮಂಜುನಾಥರ ಹಿಂದೆ ಕಿರಣ್. ನಾನು ಅವರಿಂದ ಒಂದು ಮಾರು ದೂರದಲ್ಲಿದ್ದೆ.

ನೀರು ಬಂತು. ಚಪ್ಪಟೆಯಾಗಿ ಮಲಗಿದ್ದ ಹೋಸ್ ಕಣ್ಣೆದುರಿಗೇ ದಪ್ಪವಾಗುತ್ತಾ ನಮ್ಮ ಕಡೆ ಓಡಿ ಬಂತು. ಪಂಪಿನ ಸದ್ದು ಏರಿತು, ಇನ್ನೂ ಏರಿತು. ಹೋಸ್ ಒಮ್ಮೆ ನೆಲ ಬಿಟ್ಟು ಎದ್ದಿತು. ವಿಡಿಯೊದಲ್ಲಿ ಸೀಳುವ ಮುಂಚೆ ಹೀಗೇ ಎದ್ದಿತ್ತು. ನಾನು ಕಣ್ಣು ಮುಚ್ಚಿದೆ. ಕಿವಿಯಲ್ಲಿ ಬರೀ ಪಂಪು. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ, ಮುಖದ ಮೇಲೆ ತುಂತುರು ಬಿದ್ದಾಗ ಕಣ್ಣು ಬಿಟ್ಟೆ. ನೀರು ಕಾಂಪೌಂಡ್ ಗೋಡೆಯನ್ನೂ ದಾಟಿ ಹೋಗುತ್ತಿತ್ತು. ಹೋಸ್ ಒಣಗಿಕೊಂಡೇ ಇತ್ತು ಎನ್ನಲಾರೆ, ಮಳೆಯಲ್ಲಿ ನೆನೆದಿತ್ತು. ಆದರೆ ಎಲ್ಲಿಯೂ ಸೀಳು ಬಿಟ್ಟಿರಲಿಲ್ಲ. ಅಧಿಕಾರಿ ಸಾಕು, ಸರಕು ಕಳಿಸಿ ಎಂದು ಕೈ ಎತ್ತಿದರು. ಪಂಪು ನಿಂತಿತು. ವೆಂಕಟೇಶಪ್ಪ ಕೆಸರಿನಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟರು. ಮೇಡಂ ಆಚೆ ತಿರುಗಿ ಮುಖ ಒರೆಸಿಕೊಂಡರು.

ಮಂಜುನಾಥ ಮಾತ್ರ ಹಾಗೆಯೇ ನಿಂತಿದ್ದರು. ಹತ್ತಿರ ಹೋದೆ. ಹಿಡಿ ಬಿಡಲು ಅವರ ಕೈಗೆ ಆಗುತ್ತಿರಲಿಲ್ಲ. ಬೆರಳುಗಳು ಸೆಟೆದುಕೊಂಡಿದ್ದವು. ನಾನು ಒಂದೊಂದೇ ಬೆರಳು ಬಿಡಿಸಿದೆ. ತಣ್ಣಗಿದ್ದವು.

"ಭಯ ಆಗೋಗಿತ್ತು ಕಣೇ" ಎಂದರು, ನನಗೆ ಮಾತ್ರ ಕೇಳುವ ಹಾಗೆ. ಮದುವೆಯಾದಾಗಿನಿಂದ ಆ ಮಾತು ಅವರ ಬಾಯಲ್ಲಿ ಕೇಳಿರಲಿಲ್ಲ. "ಇವತ್ತಲ್ಲ. ಅವತ್ತು ಮೇಡಂ ಹೇಳಿದ್ ದಿನದಿಂದ್ಲೂ."

"ನಂಗೆ ಅದಕ್ಕೂ ಮುಂಚಿಂದ" ಎಂದೆ.

ಅವರು ನನ್ನ ಮುಖ ನೋಡಿದರು. ಸಂಜೆ ಬಸ್ಸಿನಲ್ಲಿ ಹಿಂದಿನ ಸೀಟಿಗೆ ಹೋಗಲಿಲ್ಲ. ನನ್ನ ಪಕ್ಕದಲ್ಲಿ ಕೂತು, ದೊಡ್ಡಬಳ್ಳಾಪುರ ಬರುವವರೆಗೂ, ಪೈಪ್ ಶೆಡ್ಡಿನ ಯಂತ್ರವನ್ನು ಲಾರಿಗೆ ಏರಿಸಿದ ದಿನ ತಮಗೆ ಏನೇನಾಯಿತೆಂದು ಒಂದನ್ನೂ ಬಿಡದೆ ಹೇಳಿದರು.